ಏಳು ಕಾರ್ಡಿನ ಲೆಕ್ಕ: ನಮ್ಮ ಲೈಬ್ರರಿ ಖಾಲಿ ಮಾಡಿಸಿದ ಅನುಭವ

ಕಳೆದ ವರ್ಷ ಒಂದು ಸಂಜೆ ಆರೂವರೆ ಹೊತ್ತಿಗೆ ನಮ್ಮ ಲೈಬ್ರರಿಯ ಮೊದಲ ಮಹಡಿಯಲ್ಲಿ, ಯುಪಿಎಸ್ ಇಟ್ಟಿದ್ದ ಕೋಣೆಯಿಂದ ಹೊಗೆ ಬಂತು. ಒಳಗೆ ಅರವತ್ತರ ಆಸುಪಾಸು ಓದುಗರು. ಡ್ಯೂಟಿಯಲ್ಲಿದ್ದವರು ನಾವು ನಾಲ್ಕೇ ಜನ. ನಾಲ್ಕೂವರೆ ನಿಮಿಷದಲ್ಲಿ ಎಲ್ಲರೂ ಹೊರಗಿದ್ದರು. ತುರ್ತಿನಲ್ಲಿ ಕಟ್ಟಡ ಖಾಲಿ ಮಾಡಿಸಲು ಬಾಗಿಲ ಪಕ್ಕ ಕಾರ್ಡು ತೂಗುಹಾಕುವ ನನ್ನ ಕೆಲಸವನ್ನು ಎರಡು ವರ್ಷ "ಕಾರ್ಡಾಟ" ಎಂದು ತಳ್ಳಿಹಾಕಿದವರೇ ಮರುದಿನ ಕಾರ್ಡಿನ ನಕಲು ಕೇಳಿಕೊಂಡು ಬಂದರು. ಅದಕ್ಕೇ ಈ ಬರಹ. ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುವುದು ಹೇಗೆ, ಅಲಾರಂ ಎಲ್ಲಿರಬೇಕು, ಇದೆಲ್ಲ ನಿಮಗೆ ಗೊತ್ತಿರುವುದೇ, ಅಲ್ವಾ? ಅದನ್ನು ಬಿಡುತ್ತೇನೆ.

ನಾನು ಬಂದಾಗ ನಮ್ಮಲ್ಲಿ ತುರ್ತು ಯೋಜನೆ ಇತ್ತು. ಅರವತ್ತು ಪುಟದ ಫೈಲು, ಬೀರುವಿನೊಳಗೆ, ಬೀರುವಿಗೆ ಬೀಗ. ಅದರಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬೊಬ್ಬರ ಹೆಸರು. ಮೊದಲ ಮಹಡಿಗೆ ಇಂಥವರು, ಮೇನ್ ಸ್ವಿಚ್ಚಿಗೆ ಇಂಥವರು. ನಾನು ನೋಡಿದ ಹೊತ್ತಿಗೆ ಆ ಪಟ್ಟಿಯಲ್ಲಿದ್ದ ಹನ್ನೊಂದು ಜನರಲ್ಲಿ ಮೂವರು ವರ್ಗವಾಗಿದ್ದರು, ಒಬ್ಬರು ನಿವೃತ್ತರಾಗಿದ್ದರು. ಆದರೂ ಅದನ್ನೇ ನಂಬಿ ಒಂದು ಡ್ರಿಲ್, ಅಂದರೆ ಕಟ್ಟಡ ಖಾಲಿ ಮಾಡುವ ಅಭ್ಯಾಸ, ಮಾಡಿಸಿದೆ. ಹದಿನಾಲ್ಕು ನಿಮಿಷ ಹಿಡಿಯಿತು. ಮೇನ್ ಸ್ವಿಚ್ಚಿನವರು ರಜೆಯಲ್ಲಿದ್ದರು. ಸಿಬ್ಬಂದಿ ಮೊದಲು ತಮ್ಮ ಬ್ಯಾಗು ತೆಗೆದುಕೊಳ್ಳಲು ಒಳಗೆ ಓಡಿದರು. ಪಕ್ಕದಲ್ಲೇ ತುರ್ತು ಬಾಗಿಲಿದ್ದರೂ ಓದುಗರು ಬಂದ ದಾರಿಯಲ್ಲೇ, ಅಂದರೆ ಮುಖ್ಯ ಬಾಗಿಲಿಗೇ ನುಗ್ಗಿದರು. ಹೊರಗೆ ಬಂದು ಎಣಿಸೋಣ ಎಂದರೆ ಯಾವ ಸಂಖ್ಯೆಗೆ ಹೋಲಿಸುವುದು? ಗೇಟ್ ರಿಜಿಸ್ಟರಿನಲ್ಲಿ ಒಳಗೆ ಬರುವಾಗ ಸಹಿ ಇರುತ್ತದೆ, ಹೋಗುವಾಗ ಯಾರೂ ಹಾಕುವುದಿಲ್ಲ. ಎಲ್ಲ ಮುಗಿಯಿತು ಅಂದುಕೊಂಡು ಒಳಗೆ ಹೋದರೆ, ಎರಡನೇ ಮಹಡಿಯ ಮೂಲೆಯಲ್ಲಿ ಒಬ್ಬ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಓದುತ್ತಾ ಕುಳಿತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ದುಡ್ಡು ಖರ್ಚು ಮಾಡಿದೆವು. ಧ್ವನಿವರ್ಧಕ ವ್ಯವಸ್ಥೆ ಹಾಕಿಸಿದೆವು. ವರ್ಷದ ಪುಸ್ತಕದ ಬಜೆಟ್ಟಿನಲ್ಲಿ ಹೆಚ್ಚೂಕಡಿಮೆ ಐದನೇ ಒಂದು ಭಾಗ ಅದಕ್ಕೇ ಹೋಯಿತು. ಅದರ ಆಂಪ್ಲಿಫೈಯರ್ ಇದ್ದದ್ದು ಅದೇ ಯುಪಿಎಸ್ ಮೇಲೆ. ಹೊಗೆ ಬಂದ ದಿನ ಮೊದಲು ಸತ್ತದ್ದು ಅದೇ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾರ್ಡಿನ ಯೋಚನೆ ಬಂದದ್ದು ಆ ಹುಡುಗನಿಂದ. ಯಾರು ಒಳಗಿದ್ದಾರೆ ಎಂದು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಆದರೆ ಯಾವ ಜಾಗ ನೋಡಿ ಆಯಿತು, ಯಾವುದು ಆಗಿಲ್ಲ ಎಂದು ಗೊತ್ತಾಗಬಹುದು. ಹಾಗಾಗಿ ಕಟ್ಟಡವನ್ನು ಏಳು ಭಾಗ ಮಾಡಿದೆ. ಪ್ರತಿ ಭಾಗದ ಬಾಗಿಲ ಪಕ್ಕ, ಕಣ್ಣಿನ ಮಟ್ಟಕ್ಕೆ, ಒಂದು ಮೊಳೆ. ಮೊಳೆಗೆ ಅಂಗೈ ಅಗಲದ ಲ್ಯಾಮಿನೇಟ್ ಮಾಡಿದ ಕಾರ್ಡು. ಅದರ ಮೇಲೆ ಯಾರ ಹೆಸರೂ ಇಲ್ಲ. ಎಲ್ಲಿಂದ ಶುರು, ಎಲ್ಲೆಲ್ಲಿ ಇಣುಕಬೇಕು, ಯಾವ ಬಾಗಿಲಿನಿಂದ ಹೊರಡಬೇಕು, ಇಷ್ಟೇ. ನಾಲ್ಕು ಸಾಲು. ಅಲಾರಂ ಆದಾಗ ಆ ಕಾರ್ಡಿಗೆ ಹತ್ತಿರ ಯಾರಿದ್ದಾರೋ ಅವರೇ ತೆಗೆದುಕೊಳ್ಳಬೇಕು. ಗ್ರಂಥಪಾಲಕರೇ ಆಗಲಿ, ಅಟೆಂಡರೇ ಆಗಲಿ, ಗುಡಿಸಲು ಬಂದವರೇ ಆಗಲಿ. ಕಾರ್ಡಿನ ಒಂದು ಮುಖ ಹಸಿರು, ಇನ್ನೊಂದು ಕೆಂಪು. ಪೂರ್ತಿ ನೋಡಿ ಬಂದರೆ ಹಸಿರು ತೋರಿಸಿ ಕೊಡಬೇಕು. ಹೊಗೆಯೋ ಬಿಸಿಯೋ ಅಡ್ಡ ಬಂದರೆ ಅಲ್ಲಿಂದಲೇ ವಾಪಸ್ಸು, ಕೆಂಪು ತೋರಿಸಿ ಕೊಡಬೇಕು. ಸಾಹಸ ಬೇಡ. ಸೇರುವ ಜಾಗದಲ್ಲಿ ಒಬ್ಬರು ಕಾರ್ಡು ಎಣಿಸುತ್ತಾರೆ. ಏಳು ಬರಬೇಕು, ಅಷ್ಟೇ ಲೆಕ್ಕ.

ಮೊದಮೊದಲು ಇದೂ ಕೆಟ್ಟಿತು. ಕಾರ್ಡಿನಲ್ಲಿ ಒಂಬತ್ತು ಸಾಲು ಬರೆದಿದ್ದೆ, ನಿಂತು ಓದುವಷ್ಟರಲ್ಲಿ ಸಮಯ ಹೋಯಿತು. ಶೌಚಾಲಯ ಬರೆಯಲು ಮರೆತಿದ್ದೆ. ಸಂಜೆ ಪಾಳಿಯಲ್ಲಿ ನಾಲ್ಕು ಜನಕ್ಕೆ ಏಳು ಕಾರ್ಡು, ಯಾರು ಎರಡು ಹಿಡಿಯಬೇಕು ಎಂಬ ಗೊಂದಲ. ಅದಕ್ಕೆ ಕಾರ್ಡುಗಳನ್ನು ಇಳಿಯುವ ದಾರಿಯಲ್ಲೇ ಬರುವಂತೆ ಜಾಗ ಬದಲಿಸಿದೆ. ಮೇಲಿನವರು ತಮ್ಮದು ಮುಗಿಸಿ ಇಳಿಯುವಾಗ ಮೊಳೆಯಲ್ಲಿ ಇನ್ನೊಂದು ಉಳಿದಿದ್ದರೆ ಅದನ್ನೂ ತೆಗೆದುಕೊಳ್ಳುತ್ತಾರೆ. ಯಾರನ್ನೂ ಕೇಳಬೇಕಿಲ್ಲ. ಈ ಒಂದು ಬದಲಾವಣೆಗೇ ಮೂರು ನಿಮಿಷ ಉಳಿಯಿತು. ಒಟ್ಟು ಖರ್ಚು? ಒಂದು ತಿಂಗಳ ದಿನಪತ್ರಿಕೆ ಬಿಲ್ಲಿನಷ್ಟೂ ಆಗಲಿಲ್ಲ.

ವರ್ಷಕ್ಕೊಮ್ಮೆ ದೊಡ್ಡ ಡ್ರಿಲ್ ಮಾಡುವುದನ್ನೂ ಬಿಟ್ಟೆ. ತಿಂಗಳಿಗೊಮ್ಮೆ ಒಂದೇ ಭಾಗದಲ್ಲಿ ಹತ್ತು ನಿಮಿಷ, ಅಷ್ಟೇ. ಯಾವ ದಿನ, ಯಾವ ಹೊತ್ತು ಎಂದು ಹೇಗೆ ಆರಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಸಿಬ್ಬಂದಿಯೂ ಇದನ್ನು ಓದುತ್ತಾರೆ.

ಸರಿ, ಆ ಸಂಜೆ. ಕೌಂಟರಿನಲ್ಲಿದ್ದ ಹುಡುಗಿ ಸೇರಿ ಇನ್ನೂ ಎರಡು ತಿಂಗಳಾಗಿತ್ತು. ಅವಳೇ ಮೂರು ಕಾರ್ಡು ತಂದಳು. ಆರು ಹಸಿರು, ಒಂದು ಕೆಂಪು. ಕೆಂಪು ಬಂದದ್ದು ಯುಪಿಎಸ್ ಪಕ್ಕದ ಓಣಿಯದು, ಅಲ್ಲೇ ಶೌಚಾಲಯವೂ ಇದೆ. ಅಟೆಂಡರ್ ಅರ್ಧ ಓಣಿಯವರೆಗೆ ಹೋಗಿ, ಹೊಗೆ ದಟ್ಟವಾದಾಗ ಬಾಗಿಲು ಎಳೆದುಕೊಂಡು ಬಂದಿದ್ದರು. ಅಗ್ನಿಶಾಮಕ ದಳದವರು ಇಳಿದ ತಕ್ಷಣ ಕೇಳಿದ್ದು, "ಒಳಗೆ ಯಾರಾದರೂ ಇದ್ದಾರಾ?" ಗೊತ್ತಿಲ್ಲ ಸಾರ್ ಎನ್ನುವ ಬದಲು ಕೆಂಪು ಕಾರ್ಡು ಕೈಗೆ ಕೊಟ್ಟೆ. ಕಾರ್ಡಿನ ಹಿಂಬದಿಯಲ್ಲಿ ಆ ಜಾಗದ ನಕ್ಷೆ ಇದೆ. ನೇರ ಅಲ್ಲಿಗೇ ಹೋದರು. ಯಾರೂ ಇರಲಿಲ್ಲ. ಇಡೀ ಕಟ್ಟಡ ಹುಡುಕುವುದು ತಪ್ಪಿತು ಎಂದು ಅವರಲ್ಲೊಬ್ಬರು ಆಮೇಲೆ ಹೇಳಿದರು. ಆ ಮಾತನ್ನು ನಾನು ಎಲ್ಲ ಮೀಟಿಂಗಿನಲ್ಲೂ ಹೇಳುತ್ತೇನೆ.

ಬೆಂಕಿ ಫಾಲ್ಸ್ ಸೀಲಿಂಗಿನೊಳಗೆ ಸ್ವಲ್ಪ ಹಬ್ಬಿತ್ತು. ಕರೆಂಟು ಕಿತ್ತು, ನೀರು ಹೊಡೆದು ಆರಿಸಿದರು. ಆ ನೀರು ಕೆಳಗಿನ ಸ್ಟ್ಯಾಕಿಗೆ, ಅಂದರೆ ಪುಸ್ತಕದ ರ‍್ಯಾಕುಗಳಿರುವ ಜಾಗಕ್ಕೆ, ಇಳಿಯಿತು. ಪ್ಲಾಸ್ಟಿಕ್ ಹಾಳೆ ಸುರುಳಿ ಸುತ್ತಿ ರ‍್ಯಾಕಿನ ತುದಿಯಲ್ಲೇ ಕಟ್ಟಿಟ್ಟಿದ್ದೆವು. ಒಳಗೆ ಹೋಗಬಹುದು ಎಂದು ಅವರು ಹೇಳಿದ ಮೇಲೆ ಮೊದಲು ಹೊದಿಸಿದ್ದು ಅದನ್ನೇ. ಆದರೂ ಮುನ್ನೂರು ಚಿಲ್ಲರೆ ಪುಸ್ತಕ ಒದ್ದೆ.

ಇಲ್ಲಿ ನನ್ನ ಹಳೆಯ ಹುಚ್ಚು ಕೈಹಿಡಿಯಿತು. ಅದಕ್ಕೂ ಒಂದು ವರ್ಷ ಮುಂಚೆ, ರದ್ದಿಗೆ ಹೋಗಬೇಕಿದ್ದ ಇಪ್ಪತ್ತು ಪುಸ್ತಕಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒಣಗಿಸಿ ನೋಡಿದ್ದೆ. ಮುಕ್ಕಾಲು ಕೆಜಿ ಪುಸ್ತಕ ಒಂದು ಕೆಜಿ ನೂರು ಗ್ರಾಂ ತೂಗಿತು. ಒದ್ದೆ ಪುಸ್ತಕದ ಪೆಟ್ಟಿಗೆ ತುಂಬಿಸುವಾಗ ಇದು ನೆನಪಿರಲಿ, ಇಲ್ಲದಿದ್ದರೆ ಸೊಂಟ ಹೋಗುತ್ತದೆ. ಬಿಸಿಲಿಗಿಟ್ಟವು ರಟ್ಟು ಸುರುಳಿಯಾಗಿ ಹಾಳಾದವು. ಒದ್ದೆಯಿದ್ದಾಗಲೇ ಪುಟ ಬಿಡಿಸಲು ಹೋದವು ಹರಿದವು. ತಲೆಕೆಳಗಾಗಿ ನಿಲ್ಲಿಸಿ, ಕೆಳಗೆ ಬ್ಲಾಟಿಂಗ್ ಪೇಪರ್ ಹಾಕಿ, ನೀರು ಇಳಿದ ಮೇಲೆ ಸುಮಾರು ಇಪ್ಪತ್ತು ಹಾಳೆಗೊಂದರಂತೆ ಹೀರುವ ಕಾಗದ ಇಟ್ಟು, ಫ್ಯಾನ್ ಗಾಳಿಯನ್ನು ನೇರ ಪುಸ್ತಕಕ್ಕೆ ಬಿಡದೆ ಕೋಣೆಯಲ್ಲಿ ಆಡಿಸಿದವು ಚೆನ್ನಾಗಿ ಒಣಗಿದವು. ಕಾಗದ ಜಾಸ್ತಿ ತುರುಕಿದರೆ ಬೆನ್ನು ಬಿರಿಯುತ್ತದೆ. ಎರಡು ಪುಸ್ತಕ ಅದಕ್ಕೇ ಬಲಿಯಾದವು.

ಒಂದು ತೆಳ್ಳನೆಯ ಪುಸ್ತಕವನ್ನು ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟು ವಾರಕ್ಕೊಮ್ಮೆ ತೂಗಿದೆ. ಹಳೆಯ ತೂಕಕ್ಕೆ ಬರಲು ಏಳೆಂಟು ವಾರ ಬೇಕಾಯಿತು, ಆದರೆ ಬೂಷ್ಟು ಹಿಡಿಯಲಿಲ್ಲ, ಪುಟ ಅಂಟಲಿಲ್ಲ. ಮನೆಯವರಿಗೆ ಬೇಜಾರಾಯಿತು, ನನಗೆ ಖುಷಿಯಾಯಿತು. 1986ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್ ಸೆಂಟ್ರಲ್ ಲೈಬ್ರರಿಗೆ ಬೆಂಕಿ ಬಿದ್ದು ಸುಮಾರು 4 ಲಕ್ಷ ಪುಸ್ತಕ ಸುಟ್ಟವು. ಒದ್ದೆಯಾದವುಗಳನ್ನು ಅವರು ಮೀನು, ತರಕಾರಿ ಇಡುವ ಶೀತಲಗೃಹಗಳಲ್ಲಿ ಹೆಪ್ಪುಗಟ್ಟಿಸಿಟ್ಟು, ಆಮೇಲೆ ಬಿಡುವಾಗಿ ಒಣಗಿಸಿದರು. ಹೆಪ್ಪುಗಟ್ಟಿದ ಪುಸ್ತಕ ಕಾಯುತ್ತದೆ. ಹೊರಗಿದ್ದದ್ದು ಕಾಯುವುದಿಲ್ಲ, ಎರಡು ದಿನದಲ್ಲಿ ಬೂಷ್ಟು ಶುರು. ಈ ಮಾತು ಹೇಳಿ ಒಂದು ಶೀತಲಗೃಹದವರ ಜೊತೆ ಮೊದಲೇ ಮಾತಾಡಿಟ್ಟಿದ್ದೆ. ಮೇಲಧಿಕಾರಿಗಳು ಆಗ, "ಪುಸ್ತಕಕ್ಕೆ ಫ್ರೀಜರ್ ಯಾಕ್ರೀ?" ಎಂದು ಕೇಳಿದ್ದರು.

ಆ ರಾತ್ರಿ ನುಣುಪು ಕಾಗದದ ಚಿತ್ರಪುಸ್ತಕಗಳನ್ನು ಮೊದಲು ಬೇರೆ ಮಾಡಿದೆವು. ಅವು ಒದ್ದೆಯಿಂದ ಒಣಗುವಾಗ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಾಗುತ್ತವೆ, ಆಮೇಲೆ ಯಾರಿಂದಲೂ ಬಿಡಿಸಲಾಗುವುದಿಲ್ಲ. ಅಂಥವನ್ನೂ ತೀರಾ ನೆನೆದವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಶೀತಲಗೃಹಕ್ಕೆ ಕಳಿಸಿದೆವು. ಅಂಚು ಮಾತ್ರ ನೆಂದ ಇನ್ನೂರು ಪುಸ್ತಕ ಓದುವ ಹಾಲಿನ ಮೇಜುಗಳ ಮೇಲೆ ನಿಂತವು. ಯಾವ ರ‍್ಯಾಕ್ ಮೊದಲು ಎಂದು ಯಾರೂ ಚರ್ಚೆ ಮಾಡಲಿಲ್ಲ. ಅಪರೂಪದ ಪುಸ್ತಕಗಳ ರ‍್ಯಾಕಿಗೆ ನಮ್ಮವರಿಗಷ್ಟೇ ಗೊತ್ತಾಗುವ ಒಂದು ಗುರುತಿದೆ. ಕಳ್ಳರಿಗೂ ಅದೇ ಪಟ್ಟಿ ಬೇಕಾಗಿರುವುದರಿಂದ ಆ ಗುರುತು ಏನೆಂದು ಹೇಳುವುದಿಲ್ಲ. ಮುಕ್ಕಾಲು ಪಾಲಿಗಿಂತ ಜಾಸ್ತಿ, ಇನ್ನೂರ ಅರವತ್ತರಷ್ಟು ಪುಸ್ತಕ ವಾಪಸ್ಸು ರ‍್ಯಾಕಿಗೆ ಬಂದವು. ಹೋದವುಗಳಲ್ಲಿ ಹೆಚ್ಚಿನವು ರ‍್ಯಾಕಿನಲ್ಲಿ ಬಿಗಿಯಾಗಿ ತುರುಕಿದ್ದಂಥವು. ನೆಂದು ಉಬ್ಬಿ, ಎಳೆದರೆ ಬೆನ್ನೇ ಕೈಗೆ ಬಂತು. ಈಗ ಪ್ರತಿ ಸಾಲಿನಲ್ಲೂ ಮೂರು ಬೆರಳು ಜಾಗ ಬಿಡಿಸಿದ್ದೇನೆ.

ಈಗ ಎಂಟನೇ ಕಾರ್ಡು ರೂಪಿಸುತ್ತಿದ್ದೇನೆ, ಗಾಲಿಕುರ್ಚಿಯಲ್ಲಿ ಬರುವ ಓದುಗರಿಗಾಗಿ. ಬೆಂಕಿಯಲ್ಲಿ ಲಿಫ್ಟ್ ಬಳಸುವಂತಿಲ್ಲ. ಹೋದ ತಿಂಗಳು ನಮ್ಮವರೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ ಎರಡನೇ ಮಹಡಿಯಿಂದ ಇಳಿಸಿ ನೋಡಿದೆವು. ಇಬ್ಬರು ಹಿಡಿದರೂ ಆರು ನಿಮಿಷ. ಸಂಜೆ ಇರುವವರೇ ನಾಲ್ಕು ಜನ, ಅದರಲ್ಲಿ ಇಬ್ಬರು ಅಲ್ಲಿಗೇ ಹೋದರೆ ಉಳಿದ ಏಳು ಕಾರ್ಡು ಹೊರಗೆ ಬರುವುದಿಲ್ಲ. ಮೆಟ್ಟಿಲ ಬಳಿ, ಬೆಂಕಿ ತಡೆಯುವ ಬಾಗಿಲಿನಾಚೆ ಅವರನ್ನು ಕೂರಿಸಿ, ಜೊತೆಗೆ ಒಬ್ಬರನ್ನು ಬಿಟ್ಟು, ಆ ಜಾಗದ ಕಾರ್ಡನ್ನು ಮೊದಲು ಅಗ್ನಿಶಾಮಕದವರ ಕೈಗೆ ಮುಟ್ಟಿಸುವುದು ಒಂದು ದಾರಿ. ಮೆಟ್ಟಿಲಿಳಿಯುವ ಕುರ್ಚಿಗೂ ಅರ್ಜಿ ಹಾಕಿದ್ದೇನೆ. ಅದು ಬರುವವರೆಗೆ, ಗಾಲಿಕುರ್ಚಿಯವರು ಕೇಳುವ ಪುಸ್ತಕವನ್ನು ನಾವೇ ನೆಲಮಹಡಿಗೆ ತಂದುಕೊಡುತ್ತಿದ್ದೇವೆ.