ಸೀಸದ ಸೈನಿಕರಿಗೆ ಮರದ ಕಪಾಟು ಬೇಡ

ಕೈಯಲ್ಲಿ ಬಣ್ಣ ಹಚ್ಚಿದ 54 ಮಿ.ಮೀ. ಎತ್ತರದ ಸೀಸದ ಸೈನಿಕ ಗೊಂಬೆಗಳನ್ನು ಮುಚ್ಚಿದ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಅಥವಾ ಓಕ್ ಕಪಾಟಿನಲ್ಲಿ ಇಡಬೇಡಿ. ಗಾಜು-ಲೋಹದ ಶೋಕೇಸ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಮರದಿಂದ, ಅದರ ಅಂಟಿನಿಂದ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಬರುತ್ತದೆ. ತೇವವೂ ಸೇರಿದರೆ ಸೀಸ ಬಿಳಿ ಪುಡಿಯಾಗಿ ಯೂನಿಫಾರ್ಮಿನ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ರೈಫಲ್ ನಳಿಕೆ, ರೇಡಿಯೊ ಆಂಟೆನಾದಂಥ ತೆಳು ಭಾಗಗಳನ್ನು ಆಗಾಗ ನೋಡುತ್ತಿರಿ. ಗಾಜಿನ ಪೆಟ್ಟಿಗೆಯೇ ಆದರೂ ಹೊಸದಾಗಿ ಹಚ್ಚಿದ ಸಿಲಿಕೋನ್ ಸೀಲಂಟ್ (ಸಂದು ಮುಚ್ಚುವ ಅಂಟು) ವಿನೆಗರ್ ವಾಸನೆ, ಅಂದರೆ ಅದೇ ಅಸಿಟಿಕ್ ಆಮ್ಲದ ವಾಸನೆ, ಹೊಡೆಯುತ್ತಿದ್ದರೆ ಅದು ಪೂರ್ತಿ ಹೋಗುವ ತನಕ ಕಾಯಿರಿ. (ಸಿಲಿಕಾ ಜೆಲ್ ನೆಚ್ಚಬೇಡಿ, ಅದರ ಕೆಲಸ ತೇವ ಹೀರುವುದಷ್ಟೇ, ಆಮ್ಲದ ಆವಿಯನ್ನು ತಡೆಯುವುದಲ್ಲ.) ಪುಡಿ ಆಗಲೇ ಶುರುವಾಗಿದ್ದರೆ ಜಾಗ ಬದಲಿಸಿದ ಮಾತ್ರಕ್ಕೆ ಹಾಳಾದದ್ದು ಸರಿಹೋಗದು, ಆ ಗೊಂಬೆಯನ್ನು ಬೇರೆ ಇಡಿ, ಪುಡಿಯನ್ನು ಊದಬೇಡಿ, ಅದು ವಿಷ. ಸೀಸವಿಲ್ಲದ ತವರದ ಮಿಶ್ರಲೋಹದವಕ್ಕೆ ಈ ಗೋಳಿಲ್ಲ.