ಮಗುವಿನ ನಿನ್ನೆಯ ದಿನ ಹೇಗಿತ್ತು ಅಂತ ಕೇಳುತ್ತೇನೆ

ರಾಯಚೂರು ಜಿಲ್ಲೆಯಲ್ಲಿ ಮಕ್ಕಳ ಕೌನ್ಸೆಲಿಂಗ್ ನನ್ನ ಕೆಲಸ. ಮಗುವನ್ನು ಕರೆತಂದವರಿಗೆ ಮೊದಲು ನಿನ್ನೆಯ ದಿನದ ಬಗ್ಗೆ ಕೇಳುತ್ತೇನೆ. ಎಷ್ಟಕ್ಕೆ ಎದ್ದ? ಸ್ನಾನ ತಾನೇ ಮಾಡಿದನಾ? ಶಾಲೆಗೆ ಹೋದನಾ? ಯಾರ ಜೊತೆ ಆಡಿದ? ಮಕ್ಕಳ ದಿನನಿತ್ಯದ ನಡೆಗೆ 1ರಿಂದ 100ರವರೆಗೆ ಅಂಕ ಕೊಡುವ ಸಿಜಿಎಎಸ್ ಎಂಬ ಅಳತೆ 1983ರಿಂದಲೂ ಇದೆ, ಅದನ್ನೂ ಬಳಸುತ್ತೇನೆ. ಆದರೆ ಅಂಕ ಯಾಕೆ ಕಡಿಮೆ ಅನ್ನೋದು ಮನೆಯವರ ಬಾಯಿಂದಲೇ ಬರಬೇಕು, ಅಲ್ವಾ?

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಇರುವ ಇಬ್ಬರು ಹುಡುಗರು ಬರುತ್ತಿದ್ದರು. ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಮಾತ್ರೆ. ಒಬ್ಬ ದಿನಾ ಶಾಲೆಗೆ ಹೋಗುತ್ತಿದ್ದ. ಇನ್ನೊಬ್ಬ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಆ ಎರಡನೆಯವನ ಊರು ದೇವದುರ್ಗದ ಕಡೆ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು, ಹುಡುಗ ಅಜ್ಜಿಯ ಹತ್ತಿರ ಇದ್ದ. "ಅವ್ವನ ಫೋನ್ ಬರೋತನಕ ಮಲಗಂಗಿಲ್ರೀ ಮೇಡಂ" ಅಂದರು ಅಜ್ಜಿ. ಅಮ್ಮ ಕಟ್ಟಡದ ಕೆಲಸ ಮುಗಿಸಿ, ಅಡುಗೆ ಮಾಡಿಟ್ಟು ಫೋನ್ ಮಾಡುವಾಗ ರಾತ್ರಿ ಹತ್ತೂವರೆ. ಆಮೇಲೂ ಮೊಬೈಲ್ ಹುಡುಗನ ಕೈಯಲ್ಲೇ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಇವನು ತಡವಾಗಿ ಏಳುತ್ತಿದ್ದ, ತಡವಾಗಿ ಹೋದರೆ ಬೈಸಿಕೊಳ್ಳುತ್ತಿದ್ದ, ಮರುದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಿದ್ದ. ಎದ್ದು ಊಟ ಮಾಡಿದ ಮೇಲೆ ಮಾತ್ರೆ, ಅಂದರೆ ಮಧ್ಯಾಹ್ನ. ಮೀಥೈಲ್‌ಫೆನಿಡೇಟ್ ಎಂಬ ಆ ಮಾತ್ರೆ ತಡವಾಗಿ ತಗೊಂಡರೆ ಬರುವ ನಿದ್ದೆಯೂ ಕೆಡುತ್ತದೆ.

ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆ. ಅಡುಗೆಗೆ ಕೂರುವ ಮುಂಚೆ, ಏಳು ಗಂಟೆಗೇ ಮಗನಿಗೆ ಫೋನ್ ಮಾಡಲು ಒಪ್ಪಿದರು. ಮನೋವೈದ್ಯರು ಮಾತ್ರೆಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿದರು. ತಡವಾದರೂ ಒಳಗೆ ಬಿಡಿ, ಮುಂದೆ ಕೂರಿಸಿ, ನಡುನಡುವೆ ಎದ್ದು ಓಡಾಡುವ ಕೆಲಸ ಕೊಡಿ ಅಂತ ಮೇಷ್ಟ್ರನ್ನು ಕೇಳಿಕೊಂಡೆ. ಅವರು ಹಾಜರಿ ಪುಸ್ತಕ ತರುವ ಕೆಲಸ ಕೊಟ್ಟರು. ಹುಡುಗನಿಗೆ ಅದು ಬಹಳ ಹಿಡಿಸಿತು. ಚಂಚಲತೆ ಇನ್ನೂ ಇದೆ, ಆದರೆ ವಾರದಲ್ಲಿ ಹೆಚ್ಚಿನ ದಿನ ಶಾಲೆಗೆ ಹೋಗುತ್ತಾನೆ. ನನಗೆ ಅದೇ ದೊಡ್ಡದು.

ಹಸಿವು, ರಕ್ತಹೀನತೆ, ಮನೆಯ ಕುಡಿತದ ಜಗಳ ಇವನ್ನೂ ಕೇಳಿ ತಿಳಿದುಕೊಳ್ಳುತ್ತೇನೆ. ಅಮ್ಮನಿಗೇ ಖಿನ್ನತೆ ಇದ್ದರೆ ಮಗುವಿನ ಊಟ, ನಿದ್ದೆ, ಶಾಲೆ ಎಲ್ಲವೂ ಏರುಪೇರಾಗುತ್ತವೆ. ಅಂಥವರಿಗೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ನೀವೂ ತೋರಿಸಿಕೊಳ್ಳಿ ಅನ್ನುತ್ತೇನೆ. ಬರಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.