ಹದಿನಾಲ್ಕು ತಿಂಗಳು ಮಾರಾಟವಾಗದ ಅಪ್ಪನ ಮನೆ

ಮೈಸೂರಿನ ಕುವೆಂಪುನಗರದ ಆ ಮನೆಯನ್ನು ಅಪ್ಪ 1988ರಲ್ಲಿ ಕಟ್ಟಿಸಿದ್ದರು. ಮೂವತ್ತು ನಲವತ್ತರ ನಿವೇಶನ, ನೆಲಮಹಡಿ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದರು. ಮನೆಗೆ ಬೀಗ ಬಿತ್ತು. 2023ರಲ್ಲಿ ಮಾರಾಟಕ್ಕಿಟ್ಟು ಒಂದೂವರೆ ಕೋಟಿ ಹೇಳಿದೆವು. ಹದಿನಾಲ್ಕು ತಿಂಗಳಾದರೂ ಮುಂಗಡ ಕೊಡುವವರು ಸಿಗಲಿಲ್ಲ. ಕೊನೆಕೊನೆಗೆ ನೋಡಲು ಬಂದವರು ಒಳಗೆ ಕಾಲಿಡುವ ಮೊದಲೇ "ಇಷ್ಟು ದಿನ ಯಾಕೆ ಹಾಗೇ ಉಳಿದಿದೆ?" ಎಂದು ಕೇಳತೊಡಗಿದರು.

ಒಂದೂವರೆ ಕೋಟಿ ಎಂಬುದು ನಮಗೆ ಹೊಳೆದ ಲೆಕ್ಕ. ಪಕ್ಕದ ರಸ್ತೆಯಲ್ಲಿ ಹೊಸ ಡ್ಯೂಪ್ಲೆಕ್ಸ್ ಮನೆ ಹೋದ ಬೆಲೆಯನ್ನು ಅಕ್ಕ ಕೇಳಿಕೊಂಡು ಬಂದಿದ್ದಳು. ಅದರ ಜೊತೆಗೆ ಅಪ್ಪ ಆರಿಸಿ ತಂದ ತೇಗದ ಬಾಗಿಲು, ಅಡುಗೆಮನೆಗೆ ಸುರಿದ ದುಡ್ಡು ಎಲ್ಲವೂ ನಮ್ಮ ಮನಸ್ಸಿನಲ್ಲಿ ಸೇರಿಕೊಂಡಿದ್ದವು.

ಕೊನೆಗೆ ಬ್ಯಾಂಕುಗಳಿಗೆ ಆಸ್ತಿಯ ಮೌಲ್ಯ ಕಟ್ಟಿಕೊಡುವ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ಕರೆಸಿದೆ. ಅವರು ಅರ್ಧ ಹಾಳೆಯಲ್ಲಿ ಲೆಕ್ಕ ಮುಗಿಸಿದರು. ನಮ್ಮ ರಸ್ತೆಯಲ್ಲಿ ಈಚೆಗೆ ಕೈ ಬದಲಾದ ನಿವೇಶನಗಳ ದರ ಚದರಡಿಗೆ 9,000 ರೂಪಾಯಿ. 1,200 ಚದರಡಿಗೆ 1 ಕೋಟಿ 8 ಲಕ್ಷ. ಕಟ್ಟಡ 1,000 ಚದರಡಿ. ಇವತ್ತು ಕಟ್ಟಿದರೆ 20 ಲಕ್ಷ. ಆಯುಸ್ಸು 60 ವರ್ಷವೆಂದು ಹಿಡಿದರೆ 36 ವರ್ಷ ಸವೆದಿದೆ, ಉಳಿದದ್ದು 8 ಲಕ್ಷ. ಒಟ್ಟು 1 ಕೋಟಿ 16 ಲಕ್ಷ.

ನನ್ನ ಕಣ್ಣು ತೆರೆಸಿದ್ದು ಅವರ ಮುಂದಿನ ಮಾತು. ಗೃಹಸಾಲ 75 ಲಕ್ಷ ದಾಟಿದರೆ ಬ್ಯಾಂಕು ಮೌಲ್ಯದ ಶೇ. 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆ ಮೌಲ್ಯವನ್ನು ಕಟ್ಟುವುದು ಬ್ಯಾಂಕು, ನಾವಲ್ಲ. 1 ಕೋಟಿ 16 ಲಕ್ಷಕ್ಕೆ ಸಾಲ 87 ಲಕ್ಷ. ನಾವು ಹೇಳಿದ ಬೆಲೆಗೆ ಕೊಳ್ಳುವವರು 63 ಲಕ್ಷ ಕೈಯಿಂದ ಹಾಕಬೇಕಿತ್ತು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ಒಳ್ಳೆಯ ಸಂಬಳದ ಕುಟುಂಬಗಳೂ ಯಾಕೆ ಹಿಂದೆ ಸರಿಯುತ್ತಿದ್ದವು ಎಂಬುದು ಆಗ ತಿಳಿಯಿತು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಚೌಕಾಸಿಗೆ ಮೂರು ಲಕ್ಷ ಮೇಲಿಡು, ಸಾಕು" ಎಂದರು. 1 ಕೋಟಿ 19 ಲಕ್ಷ ಎಂದು ನಿಗದಿ ಮಾಡಿದೆವು.

ಆಷಾಢದಲ್ಲಿ ಹೇಗೂ ಮನೆ ವ್ಯವಹಾರ ಕುದುರುವುದಿಲ್ಲ. ಆ ತಿಂಗಳನ್ನು ದುರಸ್ತಿಗೆ ಬಳಸಿಕೊಂಡೆವು. ಬಚ್ಚಲುಮನೆಗೆ ತಾಗಿದ ಕೋಣೆಯ ಗೋಡೆಯಲ್ಲಿ ತೇವವಿತ್ತು. ಮಧ್ಯವರ್ತಿಯ ಮಾತು ಕೇಳಿ ಹಿಂದಿನ ವರ್ಷ ಅದರ ಮೇಲೆ ಬಣ್ಣ ಬಳಿಸಿದ್ದೆ; ಅದು ತಪ್ಪು. ಬಂದವರೊಬ್ಬರು ಉಬ್ಬಿದ ಜಾಗವನ್ನು ಉಗುರಿನಿಂದ ಕೆರೆದಾಗ ಬಣ್ಣ ಚಕ್ಕೆಯಾಗಿ ಕಳಚಿ, ಒಳಗಿನ ಗಾರೆ ಪುಡಿಪುಡಿಯಾಗಿ ಅವರ ಅಂಗೈಗೆ ಉದುರಿತ್ತು. ಆಮೇಲೆ ಅವರು ಬೇರೆ ಯಾವ ಕೋಣೆಯನ್ನೂ ನೋಡಲಿಲ್ಲ. ಈ ಸಲ ಗೋಡೆ ಒಡೆಸಿದೆ. ಕಬ್ಬಿಣದ ಕೊಳವೆಯ ತಿರುವು ತುಕ್ಕು ಹಿಡಿದು ತೂತಾಗಿತ್ತು. ಕೊಳವೆ ಬದಲಿಸಿ, ಹೊಸ ಗಾರೆ ಮೆತ್ತಿಸಿ, ಮೂರು ವಾರ ಫ್ಯಾನ್ ಹಾಕಿ ಒಣಗಿಸಿದ ಮೇಲೆಯೇ ಬಣ್ಣ. ಖರ್ಚು 38,000. ತುಕ್ಕು ಹಿಡಿದ ತುಂಡನ್ನು ತೋರಿಸಲೆಂದೇ ಎತ್ತಿಟ್ಟೆ.

ಅಟ್ಟದ ಮೇಲಿನ ಹಳೆಯ ಪಾತ್ರೆ, ಹಾಸಿಗೆ, ಮುರಿದ ಮಂಚ ಎಲ್ಲ ಹೊರಗೆ ಹೋದವು. ವಾರಕ್ಕೆರಡು ದಿನ ಕಿಟಕಿ ತೆರೆಸಿದ್ದರಿಂದ ಮುಚ್ಚಿದ ಮನೆಯ ವಾಸನೆಯೂ ಹೋಯಿತು.

ಕಾಗದಪತ್ರವೇ ಹೆಚ್ಚು ಸತಾಯಿಸಿತು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಮ್ಮ ಮೂವರ ಹೆಸರಿಗೆ ಮಾಡಿಸಿದೆವು. ಆಸ್ತಿಯ ಮೇಲೆ ಸಾಲ, ಮಾರಾಟ ಏನಾದರೂ ನೋಂದಣಿಯಾಗಿದೆಯೇ ಎಂದು ತೋರಿಸುವ ಇ.ಸಿ. (ಋಣಭಾರ ಪ್ರಮಾಣಪತ್ರ) 2004ರಿಂದ ಈಚೆಗೆ ಆನ್‌ಲೈನ್‌ನಲ್ಲೇ ಸಿಕ್ಕಿತು. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅಲೆದೆ. ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿ ಊಟದ ಮೇಜಿನ ಮೇಲೆ ಇಟ್ಟೆ.

ಶ್ರಾವಣದಲ್ಲಿ ಬಂದ ಶಿಕ್ಷಕ ದಂಪತಿಗೆ ತೇವವಿದ್ದ ಗೋಡೆಯನ್ನು ನಾನೇ ಮೊದಲು ತೋರಿಸಿ, ಕೊಳವೆಯ ತುಂಡನ್ನು ಕೈಗೆ ಕೊಟ್ಟೆ. ಆಕೆ ಗೋಡೆಗೆ ಅಂಗೈ ಒತ್ತಿ ನೋಡಿದರು. ಆತ ಫೈಲು ತೆರೆದು ಅರ್ಧ ಗಂಟೆ ಓದಿದರು. 1 ಕೋಟಿ 10 ಲಕ್ಷದಿಂದ ಮಾತು ಶುರುವಾಗಿ 1 ಕೋಟಿ 15 ಲಕ್ಷಕ್ಕೆ ಕುದುರಿತು. ಅವರ ಬ್ಯಾಂಕು ಕಟ್ಟಿದ ಮೌಲ್ಯ 1 ಕೋಟಿ 14 ಲಕ್ಷ.

ನೋಂದಣಿ ಮುಗಿಸಿ ಬೀಗದ ಕೈ ಕೊಡುವಾಗ ಅಮ್ಮ ಆಕೆಗೆ ಹೇಳಿದ್ದು ಇಷ್ಟೇ: "ತಾರಸಿಯ ನೀರು ಇಳಿಯುವ ಕೊಳವೆಗೆ ಮಾವಿನ ಎಲೆ ಕಟ್ಟಿಕೊಳ್ಳುತ್ತದೆ ಕಣಮ್ಮ, ಮಳೆಗೆ ಮುಂಚೆ ತೆಗೆಸಿಬಿಡಿ."